ಮರುಭೂಮಿಯ ಡಿಸೆಂಬರ್ ಬೆಳಕಿಗೆ ಕಿಟ್ ಜೂಮಾ, 35 ಎಂಎಂ ಪ್ರೈಮಾ?

ಅರಿಝೋನಾದ ಚಾಂಡ್ಲರ್‌ನಲ್ಲಿ ಇದು ನನಗೆ ನಾಲ್ಕನೇ ಚಳಿಗಾಲ. ಬೇಸಿಗೆಯಲ್ಲಿ ಇಲ್ಲಿ ಹೊರಗೆ ಕ್ಯಾಮೆರಾ ಹಿಡಿಯುವ ಮನಸ್ಸೇ ಬರುವುದಿಲ್ಲ. ಡಿಸೆಂಬರ್ ಬಂತೆಂದರೆ ಊರಿನ ಮುಖವೇ ಬದಲಾಗುತ್ತದೆ. ಮೈಸೂರಿನಲ್ಲಿ ಡಿಸೆಂಬರ್ ಕೊನೆಯಲ್ಲೂ ಮಧ್ಯಾಹ್ನದ ಸೂರ್ಯ ದಿಗಂತದಿಂದ 54 ಡಿಗ್ರಿ ಎತ್ತರದಲ್ಲಿ ಇರುತ್ತಾನೆ, ಇಲ್ಲಿ ಬರೀ 33. ನಡು ಮಧ್ಯಾಹ್ನವೇ ಸಗುವಾರೊ ಕಳ್ಳಿಯ ನೆರಳು ಅದರ ಎತ್ತರದ ಒಂದೂವರೆ ಪಟ್ಟು ಉದ್ದ ಚಾಚಿರುತ್ತದೆ. ದಿನವಿಡೀ ಓರೆ ಬೆಳಕು, ಸಂಜೆಯಾದರೆ ಕ್ರಿಸ್‌ಮಸ್ ಹಬ್ಬದ ದೀಪ.

ಈ ಸಲ ಎರಡು ಜೋಡಿಗಳನ್ನು ಒಂದೇ ಕ್ಯಾಮೆರಾದಲ್ಲಿ ಪಕ್ಕಪಕ್ಕ ಇಟ್ಟು ನೋಡಿದೆ. ಒಂದು, ಕ್ಯಾಮೆರಾ ಜೊತೆಗೇ ಬಂದ 18-55 ಎಂಎಂ ಜೂಮ್ (ಅದೇ ಕಿಟ್ ಜೂಮ್) ಮತ್ತು ಟ್ರೈಪಾಡ್. ಇನ್ನೊಂದು, ಎಫ್ 1.8ರ 35 ಎಂಎಂ ಪ್ರೈಮ್, ಅಂದರೆ ಜೂಮ್ ಆಗದ ಲೆನ್ಸ್, ಟ್ರೈಪಾಡ್ ಇಲ್ಲದೆ ಬರೀ ಕೈಯಲ್ಲಿ. ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸ್ ಹೆಚ್ಚು ತೆರೆದು ಹೆಚ್ಚು ಬೆಳಕು ಒಳಗೆ ಬರುತ್ತದೆ. ಸೆನ್ಸರ್ ಎಪಿಎಸ್-ಸಿ (ಫುಲ್ ಫ್ರೇಮ್‌ಗಿಂತ ಚಿಕ್ಕ ಅಳತೆಯದು).

ಮೊದಲು ಲಾಸ್ಟ್ ಡಚ್‌ಮನ್ ಪಾರ್ಕ್. ಸೂಪರ್‌ಸ್ಟಿಷನ್ ಬೆಟ್ಟದ ಪಶ್ಚಿಮದ ಮುಖ ಇಲ್ಲಿಂದ ನೇರ ಕಾಣುತ್ತದೆ, ಹಾಗಾಗಿ ಮುಳುಗುವ ಬಿಸಿಲು ಬಂಡೆಗಳ ಮೇಲೇ ಬೀಳುತ್ತದೆ. ಈ ತಿಂಗಳು ಸೂರ್ಯ ಮುಳುಗುವುದು ಐದೂವರೆಯೊಳಗೆ. ಕೊನೆಯ ಹತ್ತು ನಿಮಿಷ ಬಣ್ಣ ಓಡುತ್ತಾ ಇರುತ್ತದೆ: ಹಳದಿ, ಕೆಂಪು, ಆಮೇಲೆ ನೇರಳೆ. ಇಲ್ಲಿ ಜೂಮ್ ಗೆದ್ದಿತು, ಅನುಮಾನವೇ ಇಲ್ಲ. 18ರಲ್ಲಿ ಇಡೀ ಬೆಟ್ಟ, ತಿರುಗಿಸಿದರೆ 55ರಲ್ಲಿ ಮೇಲಿನ ಬಂಡೆ ಮಾತ್ರ. ಪ್ರೈಮ್ ಹಾಕಿಕೊಂಡ ದಿನ, ಚೌಕಟ್ಟಿಗೆ ಎರಡು ಕಳ್ಳಿ ಸೇರಿಸಲು ಹಿಂದೆ ಹೆಜ್ಜೆ ಇಡುತ್ತಾ ಹೋಗಿ, ಮುಳ್ಳು ತುಂಬಿದ ಚೋಯಾ ಗಿಡಕ್ಕೆ ಬೆನ್ನು ತಾಗುವಷ್ಟು ಹತ್ತಿರ ಬಂದುಬಿಟ್ಟಿದ್ದೆ, ಅಷ್ಟರಲ್ಲಿ ಬೆಳಕು ಹೋಯಿತು. ಆದರೆ ಅದೇ ಚೋಯಾವನ್ನು ಸೂರ್ಯನಿಗೆ ಎದುರಾಗಿ, ಎಫ್ 1.8ರಲ್ಲಿ ತೆಗೆದ ಒಂದು ಚಿತ್ರವಿದೆ. ಮುಳ್ಳೆಲ್ಲಾ ಬೆಳ್ಳಿ ತುಪ್ಪಳದ ಹಾಗೆ ಹೊಳೆಯುತ್ತದೆ, ಹಿಂದಿರುವುದೆಲ್ಲಾ ಮಸುಕು. ಜೂಮ್‌ನಲ್ಲಿ ಅದು ಸಿಗಲಿಲ್ಲ.

ಎರಡನೆಯದು ನಮ್ಮೂರಿನ ಟಂಬಲ್‌ವೀಡ್ ಮರ. ಗಾಳಿಗೆ ಉರುಳಾಡುವ ಒಣ ಮುಳ್ಳುಪೊದೆಗಳನ್ನು ತಂತಿಯ ಚೌಕಟ್ಟಿಗೆ ಪೇರಿಸಿ, ಬಿಳಿ ಬಣ್ಣ ಹೊಡೆದು, ಮಿನುಗು ಹಾಕಿ ದೀಪ ಸುತ್ತುತ್ತಾರೆ. 1957ರಿಂದ ನಡೆದು ಬಂದ ಪದ್ಧತಿ. ಪೈನ್ ಮರ ತಾನಾಗಿ ಬೆಳೆಯದ ಕಡೆ, ಇರುವುದರಲ್ಲೇ ಹಬ್ಬದ ಮರ ಕಟ್ಟುವುದು ನನಗೆ ತುಂಬಾ ಇಷ್ಟ. ಇಲ್ಲಿ ಜನ ಜಾಸ್ತಿ, ಹಿಂದೆ ಸರಿಯಲು ಜಾಗ ಇಲ್ಲ, ಪ್ರೈಮ್‌ನಲ್ಲಿ ಮರದ ತುದಿ ಕತ್ತರಿಸಿ ಹೋಗುತ್ತದೆ. ಸೂರ್ಯ ಮುಳುಗಿ ಇಪ್ಪತ್ತು ನಿಮಿಷಕ್ಕೆ, ಆಕಾಶ ಇನ್ನೂ ನೀಲಿ ಇದ್ದಾಗ, ಟ್ರೈಪಾಡ್ ಮೇಲೆ ಎಫ್ 11, ಎರಡು ಸೆಕೆಂಡ್ ಕೊಟ್ಟೆ. ಪ್ರತಿ ದೀಪವೂ ನಕ್ಷತ್ರದ ಹಾಗೆ ಬಂತು, ಓಡಾಡುವ ಜನ ಹೊಗೆಯ ಹಾಗೆ ಕರಗಿದರು. ಪೂರ್ತಿ ಕತ್ತಲಾದ ಮೇಲೆ ತೆಗೆದ ಚಿತ್ರ ಸಪ್ಪೆ, ಹಿಂದೆ ಬರೀ ಕಪ್ಪು ಗೋಡೆ.

ಅಲ್ಲೇ ಒಂದು ಮಗು ನನ್ನ ಟ್ರೈಪಾಡ್ ಕಾಲಿಗೆ ಎಡವಿತು. ಪೆಟ್ಟೇನೂ ಆಗಲಿಲ್ಲ, ಆದರೂ ನನಗೆ ಎದೆ ಝಲ್ಲೆಂದಿತು. ಜನಸಂದಣಿಯ ಜಾಗಕ್ಕೆ ಅದನ್ನು ಒಯ್ಯುವುದು ಆವತ್ತಿಗೆ ಬಿಟ್ಟೆ.

ಇನ್ನೊಂದು ವಿಷಯ, ಇದು ಎರಡೂ ಲೆನ್ಸ್‌ಗೆ ಸೇರಿದ್ದು. ಇಂಡಿಯಾದಲ್ಲಿ ಕರೆಂಟು 50 ಹರ್ಟ್ಸ್, ಇಲ್ಲಿ 60. ಅಗ್ಗದ ಎಲ್‌ಇಡಿ ಸರಗಳು ಆ ಲೆಕ್ಕಕ್ಕೇ ಮಿಣುಕುತ್ತವೆ. ದಸರಾ ದೀಪಗಳಿಗೆ ಶಟರ್ ವೇಗ 1/50 ಸೆಕೆಂಡ್ ಇಟ್ಟು ಅಭ್ಯಾಸವಾದ ನಾನು ಇಲ್ಲಿ 1/60ಕ್ಕೆ ಬದಲಾಯಿಸಿಕೊಂಡೆ. 1/250ರಂಥ ವೇಗದಲ್ಲಿ, ಅದರಲ್ಲೂ ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್‌ನಲ್ಲಿ, ಚಿತ್ರದ ಅಡ್ಡಕ್ಕೆ ಪಟ್ಟೆ ಪಟ್ಟೆ ಬರುತ್ತದೆ.

ಕೊನೆಗೆ ಫೀನಿಕ್ಸ್‌ನ ಡೆಸರ್ಟ್ ಬೊಟಾನಿಕಲ್ ಗಾರ್ಡನ್, ಲೂಮಿನಾರಿಯಾ ರಾತ್ರಿ. ಕಾಗದದ ಚೀಲ, ತಳದಲ್ಲಿ ಮರಳು, ಅದರಲ್ಲೊಂದು ಮೋಂಬತ್ತಿ. ಅಂಥವು ಸಾವಿರಾರು, ಕಳ್ಳಿಗಳ ನಡುವಿನ ದಾರಿಯುದ್ದಕ್ಕೂ. ಕಾರ್ತಿಕದಲ್ಲಿ ಅಜ್ಜಿ ಮನೆಯ ಜಗಲಿಯಲ್ಲಿ ಸಾಲು ಹಣತೆ ಹಚ್ಚಿದ್ದು ನೆನಪಾಗಿ ಸ್ವಲ್ಪ ಹೊತ್ತು ಕ್ಯಾಮೆರಾ ಕೆಳಗಿಳಿಸಿ ಸುಮ್ನೆ ನಿಂತಿದ್ದೆ. ಇಲ್ಲಿ ಪ್ರೈಮ್ ಬಿಟ್ಟರೆ ಬೇರೆ ಮಾತಿಲ್ಲ. ಎಫ್ 1.8, 1/60, ಐಎಸ್‌ಒ (ಸಿಕ್ಕ ಬೆಳಕನ್ನು ಕ್ಯಾಮೆರಾ ಹಿಗ್ಗಿಸುವ ಮಟ್ಟ) 3200ರಲ್ಲಿ ಚೀಲದ ಬೆಳಕೂ, ಬಗ್ಗಿ ನೋಡುವ ಮುಖವೂ ಎರಡೂ ಬಂದವು. ಕಿಟ್ ಜೂಮ್ 35ರಲ್ಲಿ ಎಫ್ 4.5ಕ್ಕಿಂತ ತೆರೆಯುವುದಿಲ್ಲ, ಒಳಗೆ ಬರುವ ಬೆಳಕು ಆರರಲ್ಲಿ ಒಂದು ಪಾಲು. ಅಷ್ಟನ್ನು ತುಂಬಿಸಲು ಐಎಸ್‌ಒ 20000 ಮುಟ್ಟಬೇಕಾಯಿತು, ಮುಖದ ಮೇಲೆಲ್ಲಾ ರವೆ ಚೆಲ್ಲಿದ ಹಾಗಾಯಿತು. ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣಕ್ಕೆ ಕ್ಯಾಮೆರಾ ಮಾಡಿಕೊಳ್ಳುವ ಹೊಂದಾಣಿಕೆ) ಆಟೋದಲ್ಲಿ ಬಿಡಬೇಡಿ. ನಾನು 3000 ಕೆಲ್ವಿನ್ ಸುತ್ತ ಕೈಯಾರೆ ಇಟ್ಟೆ, ಮೋಂಬತ್ತಿಯ ಕೆಂಚು ಉಳಿಯಿತು, ಆಕಾಶದ ನೀಲಿಯೂ ಉಳಿಯಿತು.

ಈಗ ಒಂದೇ ಕೊಳ್ಳುವ ದುಡ್ಡಿದ್ದರೆ? ಜೂಮ್ ಹೇಗೂ ಕ್ಯಾಮೆರಾ ಜೊತೆ ಬಂದಿರುತ್ತದೆ, ಅಲ್ವಾ? ಹಾಗಾದರೆ ಟ್ರೈಪಾಡ್‌ಗಿಂತ ಮೊದಲು ಪ್ರೈಮ್ ತಗೊಳ್ಳಿ. ಬೆಟ್ಟದ ಸಂಜೆ ಬೆಳಕಿಗೆ ಜೂಮ್ ಕೈಯಲ್ಲೇ ಸಾಕು. ಮರದ ನಕ್ಷತ್ರ ದೀಪಗಳು ಮಾತ್ರ ಟ್ರೈಪಾಡ್ ಇಲ್ಲದೆ ಬರುವುದಿಲ್ಲ. ಅದಕ್ಕೆ ವಾರದ ನಡುವೆ, ಜನ ಕಡಿಮೆ ಇರುವ ದಿನ ಹೋಗಿ. ಬಿಸಿಲು ಹೋದ ಕೂಡಲೇ ಇಲ್ಲಿ ಚಳಿ ಸರ್ರನೆ ಇಳಿಯುತ್ತದೆ, ಬೆರಳು ಮರಗಟ್ಟುತ್ತದೆ, ಬೆರಳ ತುದಿ ತೆರೆದಿರುವ ಗ್ಲವ್ಸ್ ಇಟ್ಟುಕೊಳ್ಳಿ.