ಎರಡನೇ ಕಿವಿಗೂ ಕಾಕ್ಲಿಯರ್ ಇಂಪ್ಲಾಂಟ್: ಉಡುಪಿಯಿಂದ ದೀರ್ಘ ಬಳಕೆಯ ವಿಮರ್ಶೆ

ಹುಟ್ಟಿನಿಂದಲೇ ಎರಡೂ ಕಿವಿ ಕೇಳಿಸದ ನಮ್ಮ ಮಗಳಿಗೆ ಎರಡು ವರ್ಷ ತುಂಬುವ ಮೊದಲೇ ಬಲಗಿವಿಗೆ ಕಾಕ್ಲಿಯರ್ ಇಂಪ್ಲಾಂಟ್ (ಶಸ್ತ್ರಚಿಕಿತ್ಸೆಯಿಂದ ಕೂರಿಸುವ, ಶ್ರವಣ ನರಕ್ಕೆ ವಿದ್ಯುತ್ ಸಂಕೇತ ಕೊಟ್ಟು ಶಬ್ದ ಕೇಳಿಸುವ ಸಾಧನ) ಆಯಿತು. ಹಣ ಹೊಂದಿಸಿಕೊಂಡು ಎಡಗಿವಿಗೂ ಮಾಡಿಸುವ ಹೊತ್ತಿಗೆ ಅವಳಿಗೆ ಐದು ವರ್ಷವಾಗಿತ್ತು. ಈಗ ಅವಳು ನಾಲ್ಕನೇ ತರಗತಿಯಲ್ಲಿದ್ದಾಳೆ. ಒಂದೇ ಬಗೆಯ ಸಾಧನ ಎರಡು ಕಿವಿಗಳಲ್ಲಿ ಎಷ್ಟು ಭಿನ್ನವಾಗಿ ಕೆಲಸ ಮಾಡಬಲ್ಲದು ಎಂಬುದನ್ನು ತಾಯಿಯಾಗಿ ದಿನವೂ ನೋಡುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಬಲಗಿವಿಯ ಫಲಿತಾಂಶ ತುಂಬ ಚೆನ್ನಾಗಿದೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಎರಡನ್ನೂ ಅವಳು ಆಡುತ್ತಾಳೆ. ಫೋನಿನಲ್ಲಿ ಅಜ್ಜಿಯೊಡನೆ ಮಾತನಾಡುತ್ತಾಳೆ. ಎಡಗಿವಿಯದು ನಿಧಾನದ ಕಥೆ. ಶಾಲೆಗೆ ಹೊರಡುವ ಮುನ್ನ ಒಂದೊಂದೇ ಪ್ರೊಸೆಸರ್ (ಶಬ್ದ ಹಿಡಿದು ಇಂಪ್ಲಾಂಟ್‌ಗೆ ಕಳಿಸುವ ಹೊರಗಿನ ಭಾಗ) ಹಾಕಿಸಿ, ಬೆನ್ನ ಹಿಂದೆ ನಿಂತು, ಥೆರಪಿಯಲ್ಲಿ ಕಲಿಸಿದ, ಕೇಳುವಿಕೆಯನ್ನು ಪರೀಕ್ಷಿಸುವ ಆರು 'ಲಿಂಗ್' ಧ್ವನಿಗಳನ್ನು, ಅಂದರೆ ಆ, ಈ, ಊ, ಮ್, ಶ್, ಸ್ ಎಂಬುವನ್ನು, ಹೇಳುತ್ತೇನೆ. ಬಲಗಿವಿಯಲ್ಲಿ ಆರನ್ನೂ ತಡೆಯಿಲ್ಲದೆ ತಿರುಗಿ ಹೇಳುವ ಹುಡುಗಿ, ಎಡಗಿವಿಯೊಂದರಲ್ಲೇ ಕೇಳುವಾಗ ಬಹಳ ಕಾಲ 'ಸ್' ಅಂದರೂ 'ಶ್' ಎನ್ನುತ್ತಿದ್ದಳು. ಮ್ಯಾಪಿಂಗ್ (ಅವಳ ಕಿವಿಗೆ ತಕ್ಕಂತೆ ಸಾಧನವನ್ನು ಹೊಂದಿಸುವುದು) ಸರಿಯಿತ್ತು, ಕಿವಿಯೊಳಗೆ ಸಂಕೇತ ಕೊಡುವ ಎಲೆಕ್ಟ್ರೋಡ್‌ಗಳೆಲ್ಲ ಕೆಲಸ ಮಾಡುತ್ತಿದ್ದವು.

ಕಾರಣವನ್ನು ಆಡಿಯಾಲಜಿಸ್ಟ್ (ಶ್ರವಣ ತಜ್ಞರು) ತಾಳ್ಮೆಯಿಂದ ವಿವರಿಸಿದರು. ಕಿವಿಯಿಂದ ಹೊರಟ ನರಮಾರ್ಗಗಳಲ್ಲಿ ಹೆಚ್ಚಿನವು ದಾಟಿ ಮೆದುಳಿನ ಎದುರು ಬದಿಯ ಅರ್ಧಗೋಳವನ್ನು ಸೇರುತ್ತವೆ; ಒಂದೇ ಕಿವಿ ವರ್ಷಗಟ್ಟಲೆ ಕೇಳಿದರೆ ಅದರ ದಾರಿ ಮಾತ್ರ ಬಲಗೊಂಡು, ಇಡೀ ಮೆದುಳು ಆ ಕಿವಿಯ ಕಡೆಗೇ ವಾಲುತ್ತದೆ. ಟೊರಾಂಟೊದ ಮಕ್ಕಳ ಆಸ್ಪತ್ರೆಯಲ್ಲಿ ಕ್ಯಾರನ್ ಗಾರ್ಡನ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದೇ ಕಿವಿಯಲ್ಲಿ ಕೇಳುವ ಅವಧಿ ಒಂದೂವರೆ ವರ್ಷವನ್ನು ಮೀರಿದರೆ ಈ ಅಸಮತೋಲನ ಎರಡನೇ ಇಂಪ್ಲಾಂಟ್ ಬಂದ ಮೇಲೂ ಉಳಿದುಕೊಳ್ಳುವುದು ಕಂಡುಬಂದಿದೆ. ಅದಕ್ಕೂ ಮೊದಲು, 2002ರಲ್ಲಿ, ಅನು ಶರ್ಮಾ ಅವರ ತಂಡವು ಮೂರೂವರೆ ವರ್ಷದೊಳಗೆ ಇಂಪ್ಲಾಂಟ್ ಪಡೆದ ಮಕ್ಕಳಲ್ಲಿ ಶಬ್ದಕ್ಕೆ ಮೆದುಳಿನ ಪ್ರತಿಕ್ರಿಯೆ ಬೇಗ ಸಹಜ ಮಟ್ಟಕ್ಕೆ ಬರುತ್ತದೆ, ಏಳು ವರ್ಷ ದಾಟಿದವರಲ್ಲಿ ಸಾಮಾನ್ಯವಾಗಿ ಬರುವುದಿಲ್ಲ ಎಂದು ತೋರಿಸಿತ್ತು. ಐದು ವರ್ಷಕ್ಕೆ ಇಂಪ್ಲಾಂಟ್ ಆದ ನಮ್ಮ ಮಗಳ ಎಡಗಿವಿ ಈ ಎರಡು ವಯಸ್ಸುಗಳ ನಡುವೆ ಬಿದ್ದಿತು.

ಹಾಗಾದರೆ ಎರಡನೆಯದು ವ್ಯರ್ಥವೇ? ಖಂಡಿತ ಅಲ್ಲ. ಶಬ್ದದ ದಿಕ್ಕನ್ನು ತಿಳಿಯಲು ಮೆದುಳಿಗೆ ಎರಡು ಕಿವಿಗಳ ನಡುವಿನ ಸಮಯ ಮತ್ತು ಗಟ್ಟಿತನದ ವ್ಯತ್ಯಾಸ ಬೇಕು. ಮೊದಲು ಯಾವ ಕಡೆಯಿಂದ ಕರೆದರೂ ಬಲಕ್ಕೇ ತಿರುಗುತ್ತಿದ್ದವಳು ಈಗ ಹೆಚ್ಚಿನ ಸಲ ಸರಿಯಾದ ಕಡೆಗೆ ತಿರುಗುತ್ತಾಳೆ. ಉಡುಪಿಯ ಕಲ್ಸಂಕದಲ್ಲಿ ರಸ್ತೆ ದಾಟುವಾಗ ಎಡಗಡೆಯ ಬಸ್ಸಿನ ಹಾರ್ನ್ ಅವಳಿಗೆ ಎಡಗಡೆಯದಾಗಿಯೇ ಕೇಳುತ್ತದೆ. ತಗಡಿನ ಮಾಡಿನ ಮೇಲೆ ಮಳೆ ಹೊಯ್ಯುವಾಗ ಮಾತ್ರ ತರಗತಿಯಲ್ಲಿ ಕಷ್ಟ ಇನ್ನೂ ಇದೆ.

ನಮ್ಮ ಕರಾವಳಿಯ ತೇವಕ್ಕೆ, ಪ್ರೊಸೆಸರನ್ನು ಒಣಗಿಸಿಡುವ ಡ್ರೈ ಬಾಕ್ಸ್ ಇಲ್ಲದೆ ಆಗದು. ತಲೆಗೆ ಅಂಟಿಕೊಳ್ಳುವ ಕಾಯಿಲ್ ಮತ್ತು ಅದರ ಕೇಬಲ್ ಬೇಗ ಕೆಡುತ್ತವೆ, ವಾರಂಟಿ ಮುಗಿದ ಮೇಲೆ ಆ ಖರ್ಚು ನಮ್ಮದೇ. ಒಮ್ಮೆ ಬಿಡಿಭಾಗ ಬರುವುದು ತಡವಾಗಿ ಎಡಗಿವಿ ವಾರಗಟ್ಟಲೆ ಮೌನವಾಗಿತ್ತು, ಅಭ್ಯಾಸ ಮತ್ತೆ ಹಿಂದಕ್ಕೆ ಹೋಯಿತು.

ಸರಕಾರದ ನೆರವು ಸಾಮಾನ್ಯವಾಗಿ ಒಂದು ಕಿವಿಗೆ ಸಿಗುತ್ತದೆ. ಆದ್ದರಿಂದ ಮೊದಲ ಶಸ್ತ್ರಚಿಕಿತ್ಸೆಯ ಮಾತು ಬಂದ ದಿನವೇ ಎರಡನೇ ಕಿವಿಗೆ ಯಾವಾಗ, ಯಾವ ಹಣದಿಂದ ಎಂದು ವೈದ್ಯರನ್ನು ಕೇಳಿ; ಅಲ್ಲಿಯವರೆಗೆ ಆ ಕಿವಿಯಲ್ಲಿ ಸ್ವಲ್ಪವಾದರೂ ಶ್ರವಣ ಉಳಿದಿದ್ದರೆ ಶ್ರವಣಸಾಧನವನ್ನು (ಹಿಯರಿಂಗ್ ಏಡ್) ತೆಗೆಸಬೇಡಿ.