ಮೆತ್ತನೆಯ ಸೀಟ್ ಕವರ್, ಚೀಟಿಯಿಲ್ಲದ ಮುಲಾಮು: ದೂರ ಹೊರಡುವ ಸೈಕಲ್ ಸವಾರರೇ, ಎಚ್ಚರ

ಮಳೆಗಾಲ ಮುಗಿಯುತ್ತಿದ್ದಂತೆ ಶಿರಸಿ ಕಡೆಯಿಂದ ಸೈಕಲ್ ಏರಿ ಕುಮಟಾ, ಹೊನ್ನಾವರ, ಮುರುಡೇಶ್ವರ ಎಂದು ಹೊರಡುವವರು ಹೆಚ್ಚಾಗುತ್ತಾರೆ. ಎರಡು ವಸ್ತುಗಳಿಂದ ದೂರವಿರಿ: ಸೀಟಿಗೆ ತೊಡಿಸುವ ದಪ್ಪ ಜೆಲ್ ಕವರ್ ಒಂದು, ತೊಡೆಸಂದಿಯ ಉರಿಗೆಂದು ಕೆಲವು ಔಷಧಿ ಅಂಗಡಿಯವರು ವೈದ್ಯರ ಚೀಟಿ ಕೇಳದೆ ಕೊಡುವ ಮುಲಾಮು ಇನ್ನೊಂದು. ಮೊದಲನೆಯದು ನನ್ನ ಚರ್ಮ ಸುಲಿಯಿತು. ಎರಡನೆಯದು ವಾರದಲ್ಲಿ ಮುಗಿಯಬಹುದಾಗಿದ್ದ ಪೀಡೆಯನ್ನು ತಿಂಗಳುಗಟ್ಟಲೆ ಎಳೆಯಿತು.

ಘಟ್ಟ ಇಳಿಯುವಾಗ ಏನೂ ಗೊತ್ತಾಗುವುದಿಲ್ಲ. ದೇವಿಮನೆ ಘಟ್ಟದ ತಿರುವುಗಳಲ್ಲಿ ಬ್ರೇಕ್ ಹಿಡಿದು ಪೆಡಲ್ ಮೇಲೆ ಅರ್ಧ ನಿಂತೇ ಇರುತ್ತೇವೆ, ಸೀಟಿಗೆ ಬೀಳುವ ಭಾರವೇ ಕಡಿಮೆ. ಕಷ್ಟ ಶುರುವಾಗುವುದು ಕುಮಟಾದಿಂದ ಮುಂದೆ, ಹೆದ್ದಾರಿ 66ರ ಸಪಾಟು ದಾರಿಯಲ್ಲಿ. ಅಲ್ಲಿ ಗಂಟೆಗಟ್ಟಲೆ ಕುಳಿತ ಭಂಗಿ ಬದಲಾಗುವುದಿಲ್ಲ. ಮೇಲಿಂದ ಕರಾವಳಿಯ ಸೆಕೆ. ಬೆವರು ಆರುವುದಿಲ್ಲ, ಚರ್ಮ ನೆನೆದು ಮೆತ್ತಗಾಗುತ್ತದೆ. ನೆನೆದ ಚರ್ಮ ಒಣಗಿದ್ದಕ್ಕಿಂತ ಬೇಗ ಕಿತ್ತು ಬರುತ್ತದೆ.

ಜೆಲ್ ಕವರನ್ನು ಸೈಕಲ್ ಅಂಗಡಿಯವರೇ "ದೂರ ಹೋಗುವವರಿಗೆ ಇದಿಲ್ಲದೆ ಆಗುವುದಿಲ್ಲ ಸರ್" ಎಂದು ಕಟ್ಟಿ ಕೊಟ್ಟಿದ್ದರು. ಬೆರಳಿನಿಂದ ಒತ್ತಿದರೆ ಕಳಿತ ಹಲಸಿನ ತೊಳೆಯಂತೆ ಒಳಗೆ ಹೋಗುತ್ತಿತ್ತು. ಅಂಗಡಿಯಲ್ಲಿ ಒತ್ತಿ ನೋಡುವವರಿಗೆ ಅದು ಹಿತವೇ. ಆದರೆ ಸೀಟಿನ ಮೇಲೆ ಭಾರ ಹೊರಬೇಕಾದದ್ದು ಪೃಷ್ಠದ ಅಡಿಯಲ್ಲಿರುವ ಎರಡು ಮೂಳೆಗಳು. ಕವರ್ ತೀರಾ ಮೆತ್ತಗಿದ್ದರೆ ಆ ಮೂಳೆಗಳು ಅದರಲ್ಲಿ ಹೂತುಹೋಗಿ, ನಡುವಿನ ಭಾಗ ಉಬ್ಬಿ, ನರ ಮತ್ತು ರಕ್ತನಾಳಗಳಿರುವ ಸೂಕ್ಷ್ಮ ಜಾಗವನ್ನೇ ಒತ್ತುತ್ತದೆ. ಶರಾವತಿ ಸೇತುವೆ ಕಾಣುವ ಹೊತ್ತಿಗೆ ಅಲ್ಲೆಲ್ಲ ಜೋಮು ಹಿಡಿದಿತ್ತು. ಜೋಮು ಬಂದರೆ ಹಲ್ಲು ಕಚ್ಚಿಕೊಂಡು ತುಳಿಯಬಾರದು, ಇಳಿದು ನಡೆಯಬೇಕು. ಸಾಲದ್ದಕ್ಕೆ ಕವರಿನ ಲಾಡಿ ಸಡಿಲಾಗಿ ಅದು ತುಳಿದಂತೆಲ್ಲ ಎಡಕ್ಕೆ ಜರುಗುತ್ತಿತ್ತು. ಅದರ ಹೊಲಿಗೆಯ ಅಂಚು ಎಡತೊಡೆಯ ಒಳಭಾಗದಲ್ಲಿ ಬೆರಳುದ್ದದ ಕೆಂಪು ಗೆರೆ ಕೊರೆದಿತ್ತು. ನೀರು ತಾಗಿದರೆ ಜೀವ ಹೋದಂತಾಗುತ್ತಿತ್ತು.

ಕವರಿಗೆ ಕೊಡುವ ಹಣವನ್ನು ನಿಮ್ಮ ಮೂಳೆಗಳ ಅಗಲಕ್ಕೆ ಹೊಂದುವ, ತುಸು ಗಟ್ಟಿಯಾದ ಸೀಟಿಗೆ ಹಾಕಿ. ಎತ್ತರ ನೋಡಲು ಸುಲಭದ ಉಪಾಯವಿದೆ: ಪೆಡಲ್ ಕೆಳಗಿದ್ದಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು. ತುಳಿಯುವಾಗ ಸೊಂಟ ಅತ್ತಿತ್ತ ವಾಲುತ್ತಿದ್ದರೆ ಸೀಟು ಎತ್ತರವಾಗಿದೆ ಎಂದರ್ಥ. ಆ ವಾಲಾಟವೇ ಚರ್ಮ ಉಜ್ಜುವುದು. ಸಪಾಟು ದಾರಿಯಲ್ಲೂ ಆಗಾಗ ಪೆಡಲ್ ಮೇಲೆ ಎದ್ದು ನಿಲ್ಲಿ.

ಪ್ಯಾಡ್ ಇರುವ ಸೈಕ್ಲಿಂಗ್ ಚಡ್ಡಿಯ ಒಳಗೆ ಇನ್ನೊಂದು ಒಳಉಡುಪು ಬೇಡ. ನಾಚಿಕೆ ಎನಿಸಿದರೆ ಮೇಲೊಂದು ಸಡಿಲ ಚಡ್ಡಿ ಹಾಕಿಕೊಳ್ಳಿ, ಒಳಗಲ್ಲ. ತೊಡೆಸಂದಿಗೆ ಪೆಟ್ರೋಲಿಯಂ ಜೆಲ್ಲಿಯನ್ನೋ ಸವಾರರಿಗಾಗಿಯೇ ಬರುವ ಕ್ರೀಮನ್ನೋ ಹೊರಡುವ ಮೊದಲೇ ಹಚ್ಚಬೇಕು. ಪೌಡರ್ ಹಾಕುವ ಅಭ್ಯಾಸ ನಮ್ಮಲ್ಲಿ ಬಹಳ. ಅದು ಬೆವರಿನಲ್ಲಿ ಕಲಸಿ ಗಂಟಾಗಿ ಇನ್ನಷ್ಟು ಕೆರೆಯುತ್ತದೆ. ಅಲ್ಲಿನ ಕೂದಲನ್ನು ಬೋಳಿಸುವುದೂ ಬೇಡ, ಮತ್ತೆ ಹುಟ್ಟುವ ಕೂದಲು ಚರ್ಮದೊಳಗೇ ತಿರುಗಿ ಗುಳ್ಳೆ ಏಳುತ್ತದೆ.

ಇನ್ನು ಲಾಡ್ಜಿನ ಫ್ಯಾನ್ ನಂಬಬೇಡಿ. ಹೊನ್ನಾವರದಲ್ಲಿ ರಾತ್ರಿ ತೊಳೆದು ಹರಡಿದ ಚಡ್ಡಿಯ ಮೇಲ್ಬಟ್ಟೆ ಬೆಳಿಗ್ಗೆ ಗರಿಗರಿ ಒಣಗಿತ್ತು, ಪ್ಯಾಡ್ ಹಿಂಡಿದರೆ ನೀರು ಬಂತು. ಅದನ್ನೇ ತೊಟ್ಟು ಹೊರಡುವುದೊಂದೇ ದಾರಿಯಾಗಿತ್ತು. ಹೀಗಾಗಿ ಒಂದಕ್ಕಿಂತ ಹೆಚ್ಚು ಚಡ್ಡಿ ಜೊತೆಗಿರಲಿ. ಸವಾರಿ ಮುಗಿದ ಕೂಡಲೇ ಚಹಾಕ್ಕೂ ಮೊದಲು ಬದಲಿಸಿ, ತೊಳೆದು, ಒರೆಸಿ ಒಣಗಿಸಿಕೊಳ್ಳಿ.

ಊರಿಗೆ ಬಂದ ಮೇಲೆ ಉರಿಯ ಜಾಗದಲ್ಲಿ ತುರಿಕೆ ಹುಟ್ಟಿತು. ಔಷಧಿ ಅಂಗಡಿಯಲ್ಲಿ ಪೂರ್ತಿ ಹೇಳುವ ಮೊದಲೇ ಟ್ಯೂಬ್ ಮೇಜಿನ ಮೇಲಿತ್ತು. "ಎಲ್ಲರೂ ಇದನ್ನೇ ಒಯ್ಯುತ್ತಾರೆ." ಹಚ್ಚಿದೊಡನೆ ತುರಿಕೆ ಅಡಗಿತು, ನಿಲ್ಲಿಸಿದೊಡನೆ ಮೊದಲಿಗಿಂತ ಅಗಲವಾಗಿ ಮರಳಿತು. ಚರ್ಮದ ವೈದ್ಯರು ಟ್ಯೂಬಿನ ಹಿಂಬದಿಯ ಸಣ್ಣಕ್ಷರ ಓದಿ ತೋರಿಸಿದರು: ಕ್ಲೋಬೆಟಾಸೋಲ್, ಪ್ರಬಲ ಸ್ಟೀರಾಯ್ಡ್. ತೊಡೆಸಂದಿಯ ಗಜಕರ್ಣಕ್ಕೆ ಅದು ಬಿದ್ದರೆ ತುರಿಕೆ ಮಾತ್ರ ಮಲಗುತ್ತದೆ, ಶಿಲೀಂಧ್ರ ಒಳಗೊಳಗೇ ಹಬ್ಬುತ್ತದೆ. ಹೆಚ್ಚು ದಿನ ಹಚ್ಚಿದರೆ ಚರ್ಮ ತೆಳುವಾಗಿ ಗೆರೆ ಬೀಳುತ್ತದೆ, ಆ ಗೆರೆ ಮತ್ತೆ ಪೂರ್ತಿ ಮಾಸುವುದಿಲ್ಲ. ಇಂಥ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು 2018ರಲ್ಲೇ ಕೇಂದ್ರ ಸರ್ಕಾರ ಚೀಟಿ ಇಲ್ಲದೆ ಮಾರಬಾರದ ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿದೆ. ಅಂಗಡಿಯ ಮೇಜಿನ ತನಕ ಆ ಸುದ್ದಿ ಬಂದಂತಿಲ್ಲ. ಆದ್ದರಿಂದ ಕ್ಲೋಬೆಟಾಸೋಲ್, ಬೀಟಾಮೆಥಾಸೋನ್, ಬೆಕ್ಲೋಮೆಥಾಸೋನ್, ಈ ಹೆಸರುಗಳನ್ನು ಟ್ಯೂಬಿನ ಮೇಲೆ ನೀವೇ ಹುಡುಕಿ. ಇದ್ದರೆ ಅಲ್ಲಿಯೇ ಬಿಟ್ಟು ಬನ್ನಿ.

ಬರೀ ಕೆಂಪಾಗಿದ್ದರೆ ಸೈಕಲ್ ಬಿಟ್ಟು ಕೆಲವು ದಿನ ಸಡಿಲ ಹತ್ತಿ ಬಟ್ಟೆ ಉಟ್ಟರೆ ಸಾಮಾನ್ಯವಾಗಿ ಇಳಿಯುತ್ತದೆ. ಕುರು ಎದ್ದರೆ ಹಿಸುಕಬೇಡಿ. ಕೆಂಪು ಸುತ್ತಲೂ ಹರಡಿದರೆ, ಕೀವು ಅಥವಾ ಜ್ವರ ಬಂದರೆ ಅಂದೇ ವೈದ್ಯರಿಗೆ ತೋರಿಸಿ.