ಫೈರ್‌ಫಾಕ್ಸಿನ ಕುಕಿ ಸೆಟ್ಟಿಂಗ್ಸ್: ಯಾರ ಕುಕಿ, ಎಲ್ಲಿಯವರೆಗೆ?

ನಮ್ಮ ಮನೆಯಲ್ಲಿರುವುದು ಒಂದೇ ಕಂಪ್ಯೂಟರ್, ಬಳಸುವವರು ನಾಲ್ವರು. ಬೆಳಿಗ್ಗೆ ಮಾವನವರು ಅದರಲ್ಲಿ ದೇಶವಿದೇಶದ ಪತ್ರಿಕೆಗಳನ್ನು ಓದುತ್ತಾರೆ, ಹಗಲಿನಲ್ಲಿ ಹೆಂಡತಿ ಬ್ಯಾಂಕಿನ ವ್ಯವಹಾರ ಮತ್ತು ಬಿಲ್ಲುಗಳನ್ನು ನೋಡಿಕೊಳ್ಳುತ್ತಾಳೆ, ಸಂಜೆ ಮಗಳ ಪಾಠ, ರಾತ್ರಿ ನನ್ನ ಬರವಣಿಗೆ. ಒಂದು ಬೆಳಿಗ್ಗೆ ಮಾವನವರು ಪರದೆಯ ಅರ್ಧವನ್ನು ಮುಚ್ಚಿಕೊಂಡು ನಿಂತಿದ್ದ ಪ್ರಕಟಣೆಯೊಂದನ್ನು ತೋರಿಸಿ, "ಇದು ದಿನಾ ಕೇಳ್ತದೆ, ಕುಕಿಗೆ ಒಪ್ಪಿಗೆ ಇದೆಯಾ ಅಂತ. ಹೂಂ ಅನ್ನಬೇಕೋ ಬೇಡವೋ, ಒಂದು ಸಲ ಹೇಳಿಬಿಡಿ" ಎಂದರು. ಒಂದು ಸಲಕ್ಕೆ ಹೇಳಿಬಿಡಲು ನನ್ನಿಂದ ಆಗಲಿಲ್ಲ. ಅಲ್ಲಿಂದೀಚೆಗೆ ಫೈರ್‌ಫಾಕ್ಸ್ ಬ್ರೌಸರಿನಲ್ಲಿ ಕುಕಿಗಳನ್ನು ಬಿಡುವ, ತಡೆಯುವ ಮತ್ತು ಅಳಿಸುವ ಮುಖ್ಯ ಆಯ್ಕೆಗಳನ್ನೆಲ್ಲ ಒಂದೊಂದಾಗಿ ಬಳಸಿ ನೋಡಿದ್ದೇನೆ. ಈ ವಿಮರ್ಶೆ ಆ ಬಳಕೆಯಿಂದ ಹುಟ್ಟಿದ್ದು.

ಆಯ್ಕೆಗಳನ್ನು ತೂಗುವ ಮೊದಲು ಕುಕಿ ಎಂದರೇನು ಎಂಬುದು ಸ್ಪಷ್ಟವಾಗಬೇಕು, ಏಕೆಂದರೆ ಅದನ್ನು ವೈರಸ್ಸಿನ ಸಾಲಿಗೆ ಸೇರಿಸಿ ಹೆದರುವವರೂ ಇದ್ದಾರೆ. ಜಾಲತಾಣಗಳು ಬಳಸುವ ಎಚ್‌ಟಿಟಿಪಿ ಎಂಬ ವ್ಯವಸ್ಥೆಗೆ ಹುಟ್ಟಿನಿಂದಲೇ ನೆನಪಿಲ್ಲ; ಈಗ ಒಂದು ಪುಟ ಕೇಳಿ ಪಡೆದವರೇ ಮರುಕ್ಷಣ ಇನ್ನೊಂದು ಪುಟ ಕೇಳಿದರೂ ಇಬ್ಬರೂ ಒಬ್ಬರೇ ಎಂಬುದು ಪುಟ ಕಳಿಸುವ ಸರ್ವರ್ ಕಂಪ್ಯೂಟರಿಗೆ ತಿಳಿಯುವುದಿಲ್ಲ. 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯಲ್ಲಿದ್ದ ಲೂ ಮಾಂಟುಲ್ಲಿ ಎಂಬ ತಂತ್ರಜ್ಞರು ಆನ್‌ಲೈನ್ ಖರೀದಿಯ ಬುಟ್ಟಿಯನ್ನು ನೆನಪಿಡುವ ಸಲುವಾಗಿ ಇದಕ್ಕೊಂದು ಉಪಾಯ ಕಂಡುಹಿಡಿದರು. ಅದು ಹೆಚ್ಚುಕಡಿಮೆ ದೇವಸ್ಥಾನದ ಚಪ್ಪಲಿ ಸ್ಟ್ಯಾಂಡಿನ ಟೋಕನ್ನಿನಂತೆ. ಚಪ್ಪಲಿ ಅವರ ಕಪಾಟಿನಲ್ಲಿರುತ್ತದೆ, ನಮ್ಮ ಕೈಯಲ್ಲಿ ಸಂಖ್ಯೆ ಬರೆದ ಬಿಲ್ಲೆ ಮಾತ್ರ ಇರುತ್ತದೆ. ಮರಳಿ ಬಂದಾಗ ಬಿಲ್ಲೆ ತೋರಿಸಿದರೆ ಸಾಕು. ಕುಕಿಯೂ ಸಾಮಾನ್ಯವಾಗಿ 4 ಕಿಲೋಬೈಟ್ ಮೀರದ ಒಂದು ಬಿಲ್ಲೆ. ಅದು ತಾನಾಗಿ ಯಾವ ಕೆಲಸವನ್ನೂ ಮಾಡುವ ತಂತ್ರಾಂಶವಲ್ಲ, ನಮ್ಮ ಕಡತಗಳನ್ನು ಓದಲೂ ಅದಕ್ಕೆ ಬರುವುದಿಲ್ಲ.

ತಕರಾರು ಹುಟ್ಟುವುದು ಊರಿನ ಎಲ್ಲ ದೇವಸ್ಥಾನಗಳ ಚಪ್ಪಲಿ ಸ್ಟ್ಯಾಂಡನ್ನೂ ಒಬ್ಬನೇ ಗುತ್ತಿಗೆದಾರ ಹಿಡಿದಾಗ. ಅವನು ನಮಗೆ ಎಲ್ಲ ಕಡೆಯೂ ಅದೇ ಸಂಖ್ಯೆಯ ಬಿಲ್ಲೆ ಕೊಡುತ್ತಾನೆ ಎಂದಿಟ್ಟುಕೊಳ್ಳಿ. ನಮ್ಮ ಹೆಸರು ಅವನಿಗೆ ಬೇಕಾಗಿಯೇ ಇಲ್ಲ. ಈ ಸಂಖ್ಯೆಯವರು ಸೋಮವಾರ ಎಲ್ಲಿಗೆ ಹೋದರು, ಶನಿವಾರ ಎಲ್ಲಿಗೆ ಹೋದರು, ಎಷ್ಟು ಹೊತ್ತು ಇದ್ದರು ಎಂಬುದೆಲ್ಲ ಅವನ ಪುಸ್ತಕದಲ್ಲಿ ತಾನಾಗಿಯೇ ಕೂಡಿಕೊಳ್ಳುತ್ತದೆ. ಥರ್ಡ್ ಪಾರ್ಟಿ ಕುಕಿ ಎನ್ನುವುದು ಇದನ್ನೇ. ನಾವು ತೆರೆದದ್ದು ಪತ್ರಿಕೆಯ ತಾಣ, ಆದರೆ ಅದರ ಪುಟದೊಳಗೆ ಕುಳಿತ ಜಾಹೀರಾತಿನ ಕಂಪನಿ ತನ್ನ ಬಿಲ್ಲೆಯನ್ನು ನಮ್ಮ ಬ್ರೌಸರಿನಲ್ಲಿ ಇಡುತ್ತದೆ, ಮುಂದೆ ಬೇರೆ ತಾಣದಲ್ಲಿ ಅದನ್ನೇ ಗುರುತಿಸುತ್ತದೆ. ಇದು ಹೊಸ ಅರಿವೂ ಅಲ್ಲ. 1997ರಲ್ಲಿ ಹೊರಬಂದ ಕುಕಿಯ ಮೊದಲ ಅಧಿಕೃತ ಮಾನದಂಡವೇ ಇಂಥ ಕುಕಿಗಳನ್ನು ಬ್ರೌಸರುಗಳು ತಾವಾಗಿ ಬಿಡಬಾರದು ಎಂದು ಹೇಳಿತ್ತು. ಅಂದಿನ ದೊಡ್ಡ ಬ್ರೌಸರುಗಳಾಗಿದ್ದ ನೆಟ್‌ಸ್ಕೇಪ್ ಮತ್ತು ಇಂಟರ್ನೆಟ್ ಎಕ್ಸ್‌ಪ್ಲೋರರ್ ಆ ಮಾತನ್ನು ಕೇಳಲಿಲ್ಲ.

ಹೀಗಾಗಿ "ಬಿಡಬೇಕೆ, ತಡೆಯಬೇಕೆ" ಎಂದು ಒಟ್ಟಾಗಿ ಕೇಳಿದರೆ ಉತ್ತರ ಸಿಗುವುದಿಲ್ಲ. ಯಾರ ಕುಕಿಯನ್ನು ಬಿಡಬೇಕು, ಎಲ್ಲಿಯವರೆಗೆ ಇರಿಸಿಕೊಳ್ಳಬೇಕು ಎಂದು ಕೇಳಬೇಕು. ಒಂದು ಬ್ರೌಸರ್ ಈ ಎರಡು ಪ್ರಶ್ನೆಗಳಿಗೆ ಉತ್ತರಿಸಲು ಎಷ್ಟು ಅನುಕೂಲ ಮಾಡಿಕೊಡುತ್ತದೆ ಎಂಬುದೇ ನನ್ನ ಅಳತೆಗೋಲು.

ಫೈರ್‌ಫಾಕ್ಸಿನ ಸೆಟ್ಟಿಂಗ್ಸ್‌ಗೆ ಹೋಗಿ ಪ್ರೈವೆಸಿ ಅಂಡ್ ಸೆಕ್ಯುರಿಟಿ ಎಂಬ ವಿಭಾಗವನ್ನು ತೆರೆದರೆ ಸ್ಟ್ಯಾಂಡರ್ಡ್, ಸ್ಟ್ರಿಕ್ಟ್, ಕಸ್ಟಮ್ ಎಂಬ ಮೂರು ಹಂತಗಳು ಕಾಣುತ್ತವೆ. ನಾವೇನೂ ಮಾಡದಿದ್ದರೆ ಇರುವುದು ಸ್ಟ್ಯಾಂಡರ್ಡ್, ಮತ್ತು ಈ ಬ್ರೌಸರಿನ ನಿಜವಾದ ಹೆಚ್ಚುಗಾರಿಕೆ ಅಲ್ಲಿಯೇ ಇದೆ. ಗುರುತಾಗಿರುವ ಹಿಂಬಾಲಕ ಕುಕಿಗಳನ್ನು 2019ರ ಸೆಪ್ಟೆಂಬರಿನಿಂದಲೂ ಅದು ತಾನಾಗಿಯೇ ತಡೆಯುತ್ತಿತ್ತು. 2022ರ ಜೂನ್‌ನಲ್ಲಿ ಟೋಟಲ್ ಕುಕಿ ಪ್ರೊಟೆಕ್ಷನ್ ಎಂಬ ವ್ಯವಸ್ಥೆಯನ್ನು ಕಂಪ್ಯೂಟರಿನ ಬಳಕೆದಾರರೆಲ್ಲರಿಗೂ ಅನ್ವಯಿಸಿತು. ಇದರಲ್ಲಿ ಪ್ರತಿ ತಾಣಕ್ಕೂ ಒಂದು ಪ್ರತ್ಯೇಕ ಡಬ್ಬಿ ಇರುತ್ತದೆ. ಆ ತಾಣದೊಳಗೆ ಕುಳಿತ ಹೊರಗಿನವರು ಕುಕಿ ಇಟ್ಟರೂ ಅದು ಆ ಡಬ್ಬಿಯೊಳಗೇ ಉಳಿಯುತ್ತದೆ. ಗುತ್ತಿಗೆದಾರ ಬಿಲ್ಲೆ ಕೊಡಲಿ, ಆದರೆ ಪ್ರತಿ ದೇವಸ್ಥಾನದಲ್ಲೂ ಬೇರೆ ಬೇರೆ ಸಂಖ್ಯೆಯದನ್ನೇ ಕೊಡಬೇಕು ಎಂದು ಕಟ್ಟುಮಾಡಿದಂತಾಯಿತು; ಚಪ್ಪಲಿ ಸಿಗುತ್ತದೆ, ಯಾತ್ರೆಯ ಪಟ್ಟಿ ಸಿಗುವುದಿಲ್ಲ. ಒಂದು ತಾಣದ ಖಾತೆಯಿಂದ ಇನ್ನೊಂದಕ್ಕೆ ಲಾಗಿನ್ ಆಗುವಂಥ ಸಂದರ್ಭಗಳಿಗೆ ಮಾತ್ರ ಬ್ರೌಸರ್ ತಾನಾಗಿ ಸೀಮಿತ ವಿನಾಯಿತಿ ಕೊಡುತ್ತದೆ. ಈ ಹಂತದಲ್ಲಿ ಇದ್ದಷ್ಟು ದಿನ ನಮ್ಮ ಮನೆಯ ನಾಲ್ವರಲ್ಲಿ ಯಾರೂ ಏನನ್ನೂ ಗಮನಿಸಲಿಲ್ಲ. ಇಂಥ ಸೌಲಭ್ಯಕ್ಕೆ ಇದಕ್ಕಿಂತ ದೊಡ್ಡ ಹೊಗಳಿಕೆ ಬೇಕಿಲ್ಲ.

ಸ್ಟ್ರಿಕ್ಟ್ ಹಂತ ಇನ್ನಷ್ಟು ಹಿಂಬಾಲಕರನ್ನು ತಡೆಯುತ್ತದೆ, ಕೆಲವು ತಾಣಗಳು ಕೆಡಬಹುದೆಂದು ಬ್ರೌಸರೇ ಮುಂಚಿತವಾಗಿ ಎಚ್ಚರಿಸುತ್ತದೆ. ನಮ್ಮಲ್ಲಿ ಕೆಟ್ಟದ್ದು ಅಪರೂಪ. ಒಂದು ತಾಣದಲ್ಲಿ ಹಣ ಕಟ್ಟುವ ಚೌಕಟ್ಟು ತೆರೆಯದೆ ಚಕ್ರ ಸುತ್ತುತ್ತಲೇ ಕುಳಿತಿತ್ತು. ವಿಳಾಸದ ಪಟ್ಟಿಯಲ್ಲಿರುವ ಗುರಾಣಿಯ ಚಿಹ್ನೆಯನ್ನು ಒತ್ತಿ ಆ ತಾಣಕ್ಕೆ ಮಾತ್ರ ರಕ್ಷಣೆಯನ್ನು ನಿಲ್ಲಿಸಿದ ಮೇಲೆ ಕೆಲಸ ಆಯಿತು. ಗುರಾಣಿಯ ಅರ್ಥ ಬಲ್ಲವರಿಗೆ ಇದು ಅರ್ಧ ನಿಮಿಷದ ಕೆಲಸ. ಬಲ್ಲದವರು ಹಣ ಕಟ್ಟುವ ತಾಣವನ್ನೇ ಬೈದುಕೊಂಡು ಎದ್ದುಹೋಗುತ್ತಾರೆ. ಹಾಗಾಗಿ ಮನೆಯಲ್ಲಿ ಒಬ್ಬರಾದರೂ ಬಲ್ಲವರಿದ್ದರೆ ಮಾತ್ರ ಸ್ಟ್ರಿಕ್ಟ್ ಆಗಬಹುದು.

ಕಸ್ಟಮ್ ಹಂತದ ತುದಿಯಲ್ಲಿ ಎಲ್ಲ ಕುಕಿಗಳನ್ನೂ ತಡೆಯುವ ಆಯ್ಕೆ ಇದೆ. ಅದನ್ನು ನಾನು ಒಂದೇ ಬೆಳಿಗ್ಗೆ ಸಹಿಸಿಕೊಂಡೆ. ಇಮೇಲ್ ತೆರೆಯಲಿಲ್ಲ, ಇನ್ನೊಂದು ತಾಣದಲ್ಲಿ ಪಾಸ್‌ವರ್ಡ್, ಓಟಿಪಿ ಎಲ್ಲವನ್ನೂ ಕೊಟ್ಟ ನಂತರ ಮತ್ತೆ ಲಾಗಿನ್ ಪುಟಕ್ಕೇ ತಂದು ನಿಲ್ಲಿಸಿತು. ಬಿಲ್ಲೆಯೇ ಬೇಡ ಎಂದವರಿಗೆ ಚಪ್ಪಲಿ ಮರಳಿ ಸಿಗುವುದಾದರೂ ಹೇಗೆ? ಇದಕ್ಕಿಂತ ತಮಾಷೆಯ ಸಂಗತಿ ಮತ್ತೊಂದಿದೆ. "ನನಗೆ ಕುಕಿ ಬೇಡ" ಎಂದು ನಾವು ಒತ್ತಿದ ಉತ್ತರವನ್ನು ತಾಣಗಳು ಸಾಮಾನ್ಯವಾಗಿ ನೆನಪಿಟ್ಟುಕೊಳ್ಳುವುದೂ ಒಂದು ಕುಕಿಯಲ್ಲಿಯೇ. ಎಲ್ಲವನ್ನೂ ತಡೆದವರಿಗೆ ಆ ಪ್ರಕಟಣೆ ಪ್ರತಿ ಸಲವೂ, ಕೆಲವೆಡೆ ಪ್ರತಿ ಪುಟಕ್ಕೂ, ಹೊಸದಾಗಿ ಎದುರಾಗುತ್ತದೆ. ಈ ಆಯ್ಕೆಯನ್ನು ಮನೆಬಳಕೆಗೆ ನಾನು ಯಾರಿಗೂ ಹೇಳಲಾರೆ.

ಎರಡನೆಯ ಪ್ರಶ್ನೆಗೆ, ಅಂದರೆ ಎಲ್ಲಿಯವರೆಗೆ ಎಂಬುದಕ್ಕೆ, ಅದೇ ವಿಭಾಗದಲ್ಲಿ ಬ್ರೌಸರನ್ನು ಮುಚ್ಚಿದಾಗ ಕುಕಿಗಳನ್ನೂ ತಾಣದ ಇತರ ದತ್ತಾಂಶವನ್ನೂ ಅಳಿಸುವ ಒಂದು ಚೌಕವಿದೆ, ಜೊತೆಗೆ ವಿನಾಯಿತಿಗಳ ಪಟ್ಟಿಯೂ ಇದೆ. ನಾಲ್ವರು ಹಂಚಿಕೊಳ್ಳುವ ಯಂತ್ರದಲ್ಲಿ ನನಗೆ ಅತ್ಯಂತ ಉಪಯುಕ್ತವೆನಿಸಿದ್ದು ಇದೇ. ಮಗಳು ಲಾಗೌಟ್ ಮಾಡಲು ಮರೆತರೂ ಬ್ರೌಸರ್ ಮುಚ್ಚಿದೊಡನೆ ಅವಳ ಖಾತೆ ಮುಚ್ಚಿಕೊಳ್ಳುತ್ತದೆ. ಮಾವನವರು ಓದುವ ಪತ್ರಿಕೆಗಳನ್ನು ವಿನಾಯಿತಿಯ ಪಟ್ಟಿಗೆ ಸೇರಿಸಿದ ಮೇಲೆ ಅವರ "ಬೇಡ" ಎಂಬ ಉತ್ತರ ಮರುದಿನವೂ ಉಳಿಯಿತು, ದಿನಬೆಳಗಿನ ದೂರು ನಿಂತಿತು. ಆದರೆ ಈ ಪಟ್ಟಿಯನ್ನು ರೂಪಿಸಿದವರು ಸಾಮಾನ್ಯ ಬಳಕೆದಾರರನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರಲಿಕ್ಕಿಲ್ಲ ಎಂಬುದು ನನ್ನ ಅನಿಸಿಕೆ. ವಿಳಾಸವನ್ನು ಕೈಯಾರೆ ಬರೆದು ಸೇರಿಸಬೇಕು. ಲಾಗಿನ್ ಪುಟ ಬೇರೆ ವಿಳಾಸದಲ್ಲಿದ್ದರೆ ಅದನ್ನೂ ಸೇರಿಸಬೇಕೆಂದು ಹೊಳೆಯಲು ನನಗೇ ಎರಡು ದಿನ ಬೇಕಾಯಿತು. ಇದರ ಜೊತೆ ಇನ್ನೊಂದು ಎಚ್ಚರಿಕೆಯೂ ಅಗತ್ಯ. ಹಿಂದಿನ ಬಾರಿ ತೆರೆದಿದ್ದ ಪುಟಗಳನ್ನೇ ಮತ್ತೆ ತೆರೆಯುವ ಸೌಲಭ್ಯವನ್ನು ಚಾಲೂ ಇಟ್ಟರೆ, ಬ್ರೌಸರ್ ಮುಚ್ಚಿದಾಗ ಸಾಯಬೇಕಾದ ತಾತ್ಕಾಲಿಕ ಕುಕಿಗಳು ಸಾಮಾನ್ಯವಾಗಿ ಆ ಪುಟಗಳ ಜೊತೆಗೆ ಮರಳಿ ಬದುಕುತ್ತವೆ. ಹಂಚಿಕೊಂಡ ಕಂಪ್ಯೂಟರಿನಲ್ಲಿ ಆ ಸೌಲಭ್ಯವನ್ನು ನಿಲ್ಲಿಸಿಡುವುದು ಲೇಸು.

ಹೋಲಿಕೆಗೆ ಗೂಗಲ್‌ನ ಕ್ರೋಮ್ ಬ್ರೌಸರನ್ನು ನೋಡಬೇಕು, ಏಕೆಂದರೆ ನಮ್ಮಲ್ಲಿ ಹೆಚ್ಚಿನವರು ಬಳಸುವುದು ಅದನ್ನೇ. ಥರ್ಡ್ ಪಾರ್ಟಿ ಕುಕಿಗಳನ್ನು ಎರಡು ವರ್ಷದೊಳಗೆ ತೆಗೆದುಹಾಕುವುದಾಗಿ ಗೂಗಲ್ 2020ರ ಜನವರಿಯಲ್ಲಿ ಘೋಷಿಸಿತು. ಅದೇ ವರ್ಷದ ಮಾರ್ಚ್‌ನಲ್ಲಿ ಆಪಲ್ ತನ್ನ ಸಫಾರಿ ಬ್ರೌಸರಿನಲ್ಲಿ ಅವನ್ನು ಪೂರ್ತಿಯಾಗಿ ತಡೆದೇಬಿಟ್ಟಿತು. ಗೂಗಲ್ ಮಾತ್ರ ಗಡುವನ್ನು 2023ಕ್ಕೆ, ಆಮೇಲೆ 2024ಕ್ಕೆ, ಅಲ್ಲಿಂದ 2025ಕ್ಕೆ ತಳ್ಳುತ್ತ ಬಂದು, 2024ರ ಜುಲೈನಲ್ಲಿ ಆ ಯೋಜನೆಯನ್ನೇ ಕೈಬಿಟ್ಟಿತು. ಬಳಕೆದಾರರಿಗೆ ಪ್ರತ್ಯೇಕವಾಗಿ ಕೇಳುವ ಪ್ರಸ್ತಾಪವನ್ನೂ 2025ರ ಏಪ್ರಿಲ್‌ನಲ್ಲಿ ಬಿಟ್ಟುಕೊಟ್ಟಿತು. ಜಾಹೀರಾತಿನಿಂದಲೇ ಬದುಕುವ ಕಂಪನಿ ಜಾಹೀರಾತಿನ ಬೇರನ್ನು ತಾನೇ ಕಡಿಯುತ್ತದೆ ಎಂದು ನಂಬಿದ್ದವರಿಗೆ ಇದು ಆಶ್ಚರ್ಯ, ಉಳಿದವರಿಗೆ ಅಲ್ಲ. ಹಾಗೆಂದು ಕ್ರೋಮ್ ಬಳಸುವವರು ಅಸಹಾಯಕರೂ ಅಲ್ಲ. ಅದರ ಸೆಟ್ಟಿಂಗ್ಸ್‌ನಲ್ಲಿ ಥರ್ಡ್ ಪಾರ್ಟಿ ಕುಕಿಗಳನ್ನು ತಡೆಯುವ ಆಯ್ಕೆ ಇದೆ, ಅದನ್ನು ನಾವಾಗಿಯೇ ಒತ್ತಬೇಕು, ಅಷ್ಟೆ. ಇನ್‌ಕಾಗ್ನಿಟೊ ಎಂಬ ಖಾಸಗಿ ಕಿಟಕಿಯಲ್ಲಿ ಅದು ಮೊದಲಿನಿಂದಲೇ ಒತ್ತಿರುತ್ತದೆ. ನ್ಯಾಯವಾಗಿ ಇನ್ನೊಂದು ಮಾತನ್ನೂ ಸೇರಿಸಬೇಕು: ಫೈರ್‌ಫಾಕ್ಸನ್ನು ಹೊರತರುವ ಮೊಜಿಲ್ಲಾದ ಆದಾಯದ ಬಹುಭಾಗ ಬರುವುದು ಬ್ರೌಸರಿನಲ್ಲಿ ಗೂಗಲ್ ಹುಡುಕಾಟವನ್ನೇ ಮೊದಲ ಆಯ್ಕೆಯಾಗಿ ಇಡುವ ಒಪ್ಪಂದದಿಂದಲೇ. ಸಂತನ ಅನ್ನವೂ ಸಾಹುಕಾರನ ಮನೆಯಿಂದಲೇ ಬರುತ್ತಿದೆ.

ಇನ್ನು ಮಾವನವರನ್ನು ಕಾಡಿದ ಆ ಪ್ರಕಟಣೆ. ಅದು ಮೂಲತಃ ಯುರೋಪಿನ ಕಾನೂನಿನ ಫಲ. ಅಲ್ಲಿನ 2002ರ ನಿರ್ದೇಶನವನ್ನು 2009ರಲ್ಲಿ ತಿದ್ದಿ ಕುಕಿಗೆ ಮುಂಚಿತ ಒಪ್ಪಿಗೆ ಬೇಕೆಂದರು. 2018ರ ಮೇ 25ರಿಂದ ಜಾರಿಯಾದ ಜಿಡಿಪಿಆರ್ ಎಂಬ ದತ್ತಾಂಶ ಸಂರಕ್ಷಣಾ ಕಾನೂನು ಒಪ್ಪಿಗೆಯ ಅರ್ಥವನ್ನು ಬಿಗಿಗೊಳಿಸಿತು. ಮೊದಲೇ ಗುರುತು ಹಾಕಿಟ್ಟ ಚೌಕ ಒಪ್ಪಿಗೆಯಾಗದು ಎಂದು ಯುರೋಪಿನ ನ್ಯಾಯಾಲಯ 2019ರ ಅಕ್ಟೋಬರಿನಲ್ಲಿ ತೀರ್ಪಿತ್ತಿತು. ಒಪ್ಪಲು ಒಂದು ಒತ್ತು, ನಿರಾಕರಿಸಲು ಹಲವು ಒತ್ತು ಎಂಬಂತೆ ಮಾಡಿಟ್ಟದ್ದಕ್ಕೆ ಫ್ರಾನ್ಸಿನ ಖಾಸಗಿತನ ಪ್ರಾಧಿಕಾರ 2022ರ ಜನವರಿಯಲ್ಲಿ ಗೂಗಲ್‌ಗೆ 15 ಕೋಟಿ ಯೂರೋ, ಫೇಸ್‌ಬುಕ್‌ಗೆ 6 ಕೋಟಿ ಯೂರೋ ದಂಡ ವಿಧಿಸಿದ್ದನ್ನು ಪ್ರಕಟಿಸಿತು. ನಮ್ಮಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇದೆ, ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿವೆ, ಮುಖ್ಯ ಹೊಣೆಗಾರಿಕೆಗಳಿಗೆ 18 ತಿಂಗಳ ಕಾಲಾವಕಾಶ ಕೊಟ್ಟಿದ್ದಾರೆ. ಕಾಯ್ದೆಯಲ್ಲಿ ಕುಕಿ ಎಂಬ ಪದವಿಲ್ಲ. ಆದರೆ ವೈಯಕ್ತಿಕ ದತ್ತಾಂಶಕ್ಕೆ ಕೇಳುವ ಒಪ್ಪಿಗೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಅವಕಾಶ ಕೊಡಬೇಕೆಂದು ಅದು ಹೇಳುತ್ತದೆ, ಅಂದರೆ ಕನ್ನಡದಲ್ಲಿಯೂ. ಕಾಯ್ದೆ ಪೂರ್ತಿಯಾಗಿ ಜಾರಿಗೆ ಬಂದ ಮೇಲೆ ಕನ್ನಡದಲ್ಲಿ ಬರೆಯುವವರು "ಲೆಜಿಟಿಮೇಟ್ ಇಂಟರೆಸ್ಟ್" (ಒಪ್ಪಿಗೆ ಇಲ್ಲದೆಯೂ ದತ್ತಾಂಶ ಬಳಸಲು ಕಂಪನಿಗಳು ಆ ಪ್ರಕಟಣೆಗಳಲ್ಲಿ ಕೊಡುವ ಕಾರಣ) ಎಂಬಂಥ ಮಾತುಗಳನ್ನು ಹೇಗೆ ಬಗೆಹರಿಸುತ್ತಾರೋ ನೋಡಬೇಕು.

ಅಲ್ಲಿಯವರೆಗೆ ನನ್ನ ಪದ್ಧತಿ ಸರಳ. ನಿರಾಕರಿಸುವ ಗುಂಡಿ ಕಂಡರೆ ಅದನ್ನೇ ಒತ್ತುತ್ತೇನೆ. ಅದನ್ನು ಮೂರು ಪುಟ ಒಳಗೆ ಅಡಗಿಸಿಟ್ಟಿದ್ದರೆ ಹುಡುಕುತ್ತ ಕೂರುವುದಿಲ್ಲ, ಒಪ್ಪಿಕೊಂಡು ಓದಿ ಎದ್ದುಬಿಡುತ್ತೇನೆ. ಆ ಕುಕಿ ತನ್ನ ಡಬ್ಬಿ ಬಿಟ್ಟು ಹೊರಬರಲಾರದು, ಬ್ರೌಸರ್ ಮುಚ್ಚಿದಾಗ ಡಬ್ಬಿಯೂ ಖಾಲಿಯಾಗುತ್ತದೆ ಎಂಬ ಧೈರ್ಯ ಅದಕ್ಕೆ ಕಾರಣ.

ಈ ಧೈರ್ಯಕ್ಕೆ ಮಿತಿಗಳಿವೆ. ಗೂಗಲ್ ಅಥವಾ ಫೇಸ್‌ಬುಕ್ ಖಾತೆಗೆ ಲಾಗಿನ್ ಆಗಿ ಅವರದೇ ತಾಣದಲ್ಲಿ ನಾವು ಮಾಡುವುದೆಲ್ಲ ಅವರಿಗೆ ಗೊತ್ತಾಗಿಯೇ ಆಗುತ್ತದೆ. ಅದಕ್ಕೂ ಮೂರನೆಯವರ ಕುಕಿಗೂ ಸಂಬಂಧವಿಲ್ಲ. ಪರದೆಯ ಅಳತೆ, ಅಕ್ಷರಶೈಲಿಗಳು, ಯಂತ್ರದ ಇತರ ಲಕ್ಷಣಗಳನ್ನು ಕೂಡಿಸಿ ಬಿಲ್ಲೆಯೇ ಇಲ್ಲದೆ ನಮ್ಮನ್ನು ಗುರುತಿಸುವ ಫಿಂಗರ್‌ಪ್ರಿಂಟಿಂಗ್ ಎಂಬ ವಿಧಾನವೂ ಇದೆ. ಫೈರ್‌ಫಾಕ್ಸ್ ಅದನ್ನು ಒಂದಿಷ್ಟು ತಡೆಯುತ್ತದೆ, ಪೂರ್ತಿ ಅಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಮೊಬೈಲಿನಲ್ಲಿ ನಮ್ಮ ಬಹುಪಾಲು ವ್ಯವಹಾರ ನಡೆಯುವುದು ಆ್ಯಪ್‌ಗಳಲ್ಲಿ, ಅಲ್ಲಿಗೆ ಬ್ರೌಸರಿನ ಕುಕಿ ಸೆಟ್ಟಿಂಗ್ಸ್‌ನ ಆಡಳಿತ ಮುಟ್ಟುವುದಿಲ್ಲ. ಆಂಡ್ರಾಯ್ಡ್ ಫೋನಿನಲ್ಲಿ ಜಾಹೀರಾತಿನ ಗುರುತಿನ ಸಂಖ್ಯೆಯನ್ನು ಅಳಿಸುವ ಆಯ್ಕೆ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಬೇರೆಯಾಗಿಯೇ ಇದೆ, ಅದನ್ನೂ ಒಮ್ಮೆ ನೋಡಬೇಕು.

ಹೊಸದಾಗಿ ಶುರುಮಾಡುವವರು ಸ್ಟ್ಯಾಂಡರ್ಡ್ ಹಂತದಲ್ಲೇ ಇದ್ದು, ಕಂಪ್ಯೂಟರ್ ಹಂಚಿಕೊಳ್ಳುವುದಾದರೆ ಮುಚ್ಚಿದಾಗ ಅಳಿಸುವ ಚೌಕಕ್ಕೆ ಗುರುತು ಹಾಕಿದರೆ ಸಾಕು. ಕ್ರೋಮ್ ಬಿಡಲು ಮನಸ್ಸಿಲ್ಲದವರು ಥರ್ಡ್ ಪಾರ್ಟಿ ಕುಕಿ ತಡೆಯುವ ಆ ಒಂದು ಆಯ್ಕೆಯನ್ನು ಇವತ್ತೇ ಒತ್ತಿಡಲಿ. ನಮ್ಮ ಮನೆಯ ಯಂತ್ರ ಈಗ ಸ್ಟ್ರಿಕ್ಟ್ ಹಂತದಲ್ಲಿದೆ, ವಿನಾಯಿತಿಯ ಪಟ್ಟಿಯಲ್ಲಿ ಆರು ತಾಣಗಳಿವೆ. ಏಳನೆಯದಾಗಿ ಪಂಚಾಂಗದ ತಾಣವೊಂದನ್ನು ಸೇರಿಸಬೇಕೆಂದು ಮಾವನವರು ಕೇಳುತ್ತಿದ್ದಾರೆ. ಅದರ ಪುಟದಲ್ಲಿ ತಿಥಿ, ನಕ್ಷತ್ರಗಳಿಗಿಂತ ಜಾಹೀರಾತುಗಳೇ ಹೆಚ್ಚಾಗಿರುವುದರಿಂದ ನಾನಿನ್ನೂ ಸೇರಿಸಿಲ್ಲ.